ಒಂದು ಅಂಕದ ಬಾಕಿ

ದಸರಾ ರಜೆ ಮುಗಿಸಿ ಶಾಲೆಗೆ ಮರಳಿದ ಮಕ್ಕಳಿಗೆ ಪಾಠದ ಕಡೆ ಗಮನ ಅಷ್ಟಕ್ಕಷ್ಟೆ. ಕಾರಿಡಾರಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕೊನೆಗೆ ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದ ಹಿಡಿದು ನಿಂತಾಗಲೂ ಅವರದು ಒಂದೇ ಪ್ರಶ್ನೆ: 'ಸರ್, ಈ ಸಲ ಟೂರ್ ಎಲ್ಲಿಗೆ?'

ಭಟ್ಕಳ, ಕುಮಟಾ, ಹೊನ್ನಾವರ - ಈ ಮೂರು ತಾಲೂಕುಗಳ ಹೈಸ್ಕೂಲುಗಳಲ್ಲಿ ವಿಜ್ಞಾನ ಮೇಷ್ಟ್ರಾಗಿ ನನಗೆ ಮೂವತ್ತು ವರ್ಷವಾಗುತ್ತ ಬಂತು. ಮೊದಲೆಲ್ಲ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರಿನ ಅರಮನೆ, ರಾತ್ರಿ ಕನ್ನಂಬಾಡಿಯ ಕಾರಂಜಿ ಇಷ್ಟಾದರೆ ಪ್ರವಾಸ ಸಾರ್ಥಕ. ಈಗ ಹಾಗಲ್ಲ. ಪಟ್ಟಿಯಲ್ಲಿ ಸಫಾರಿ ಇರಲೇಬೇಕು. ಬಂಡೀಪುರ, ನಾಗರಹೊಳೆ, ಇಲ್ಲವಾದರೆ ನಮ್ಮ ಜಿಲ್ಲೆಯದೇ ದಾಂಡೇಲಿ. ಹಣ ಕಟ್ಟಲು ಬರುವ ಪಾಲಕರು ರಸೀದಿ ತೆಗೆದುಕೊಳ್ಳುವಾಗ ಮೆಲ್ಲಗೆ ಕೇಳುತ್ತಾರೆ: 'ಸರ್, ಹುಲಿ ಕಾಣ್ತದ್ಯಾ? ಗ್ಯಾರಂಟಿ ಉಂಟಾ?' ಹುಲಿಯನ್ನು ನಾನೇ ಹಿತ್ತಲಲ್ಲಿ ಕಟ್ಟಿಹಾಕಿ ಬಂದಿದ್ದೇನೋ ಎಂಬಂತೆ!

ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿಲ್ಲ. ಒಂದು ಕಾಲದಲ್ಲಿ ನಾನೇ ತರಗತಿಯಲ್ಲಿ ನಿಂತು, 'ಬಂಡೀಪುರಕ್ಕೆ ಬನ್ನಿ, ಹುಲಿ ತೋರಿಸುತ್ತೇನೆ' ಎಂದು ಮಾತು ಕೊಟ್ಟವನು. ಅದು 2001ರ ಡಿಸೆಂಬರ್. ಆ ಪ್ರವಾಸದಲ್ಲಿ ಮಕ್ಕಳು ಎಷ್ಟು ಕಲಿತರೋ ಗೊತ್ತಿಲ್ಲ, ನಾನಂತೂ ಕಲಿತೆ. ಆ ಕಲಿಕೆಯ ಕತೆಯೇ ಈ ಬರಹ.

ಐವತ್ತೆರಡು ಮಕ್ಕಳು, ನಾಲ್ವರು ಶಿಕ್ಷಕರು, ಒಂದು ಬಾಡಿಗೆ ಬಸ್ಸು. ಹೊನ್ನಾವರದಿಂದ ಸಂಜೆ ಹೊರಟು ಗೇರುಸೊಪ್ಪೆ ದಾಟಿ ಘಟ್ಟ ಹತ್ತುವಷ್ಟರಲ್ಲಿ ಅರ್ಧ ಮಕ್ಕಳು ವಾಂತಿ ಮಾಡಿಕೊಂಡು ಮಲಗಿದ್ದರು. ಆ ಕತ್ತಲಲ್ಲಿ ಬಸ್ಸಿನ ಎರಡೂ ಬದಿಗೆ ಇದ್ದ ಕಾಡನ್ನು ನಾವು ಯಾರೂ ನೋಡಲಿಲ್ಲ. ಕಾಡು ನೋಡಲು ಮುನ್ನೂರು ಕಿಲೋಮೀಟರಿಗೂ ಆಚೆ ಹೊರಟವರಿಗೆ ಮನೆ ಪಕ್ಕದ ಕಾಡು ಬರೀ ತಿರುವುಗಳ ರಸ್ತೆ!

ಮೂರನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಬಂಡೀಪುರದಲ್ಲಿ ಇಳಿದಾಗ ಮೈ ನಡುಗುವ ಚಳಿ. ಕರಾವಳಿಯ ಮಕ್ಕಳಿಗೆ ಚಳಿಯೇ ಒಂದು ಪವಾಡ. ಬಾಯಿಂದ ಹೊಗೆ ಬಿಡುತ್ತ, 'ಸರ್, ಬೀಡಿ ಸೇದಿದ ಹಾಗೆ ಬರ್ತದೆ' ಎಂದು ಕುಣಿದರು. ಇದು ಮೈಸೂರು ಅರಸರು ಬೇಟೆಗೆ ಇಟ್ಟುಕೊಂಡಿದ್ದ ಕಾಡು, 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಇದೂ ಒಂದು ಎಂದು ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಕಣ್ಣೂ ಅರಣ್ಯ ಇಲಾಖೆಯ ವ್ಯಾನುಗಳ ಮೇಲೆ, ಎಲ್ಲರ ಜಗಳವೂ ಕಿಟಕಿ ಬದಿಯ ಸೀಟಿಗೆ.

ಮೊದಲ ವ್ಯಾನಿನಲ್ಲಿ ನಾನು. ಇನ್ನೊಂದು ಹತ್ತು ನಿಮಿಷ ಬಿಟ್ಟು ಹಿಂದೆ ಬರುವುದೆಂದಾಯಿತು. ಮಾತಾಡಬೇಡಿ, ಕೈ ಹೊರಗೆ ಹಾಕಬೇಡಿ ಎಂದು ಚಾಲಕ ಎರಡು ಸಲ ಹೇಳಿದ. ಮಕ್ಕಳು ಮೂರು ನಿಮಿಷ ಸುಮ್ಮನಿದ್ದರು. ಮೊದಲ ಚುಕ್ಕೆ ಜಿಂಕೆ ಕಂಡದ್ದೇ ತಡ, ಜಾತ್ರೆಯಲ್ಲಿ ತೇರು ಎಳೆದಂಥ ಗದ್ದಲ. ಆಮೇಲೆ ನವಿಲು. ಆಮೇಲೆ ಲಂಟಾನ ಪೊದೆಯಾಚೆ ಒಂದು ಆನೆಯ ಬೆನ್ನು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಜಿಂಕೆ ಕಂಡರೆ 'ಅಯ್ಯೋ, ಮತ್ತೂ ಜಿಂಕೆಯಾ' ಎನ್ನುವಷ್ಟು ದೊಡ್ಡವರಾಗಿಬಿಟ್ಟರು. ನಾನೂ ಅಷ್ಟೇ. ಹುಲಿಯ ಮಾತು ಕೊಟ್ಟವನಲ್ಲವೇ? ಗಡಿಯಾರ ನೋಡುತ್ತ, ಪೊದೆ ನೋಡುತ್ತ ಕೂತಿದ್ದೆ.

ಒಂದು ಕೆರೆಯ ಏರಿ ದಾಟಿ ತಿರುವಿನಲ್ಲಿ ಬರುವಾಗ ಹಿಂದಿನ ಸೀಟಿನಿಂದ ಒಬ್ಬ ಹುಡುಗ ಎದ್ದುನಿಂತು, 'ಸರ್, ಮುಸ್ಯ ಕೂಗ್ತು. ಎಂತದೋ ಉಂಟು, ನಿಲ್ಲಿಸಿ ಹೇಳಿ' ಎಂದ. ಮುಸ್ಯ ಎಂದರೆ ನಮ್ಮ ಕಡೆ ಕಪ್ಪು ಮುಖದ, ಉದ್ದ ಬಾಲದ ಮುಸುವ. ನಾನು ಸದ್ದು ಕೇಳಿರಲಿಲ್ಲ. ಮಕ್ಕಳ ಕಿರುಚಾಟದಲ್ಲಿ ಕೇಳುವುದಾದರೂ ಹೇಗೆ? 'ಮಂಗ ನೋಡೋಕೆ ಇಲ್ಲಿವರೆಗೆ ಬರ್ಬೇಕಿತ್ತಾ? ಸುಮ್ಮನೆ ಕೂತ್ಕೋ' ಎಂದು ಗದರಿದೆ. ಎಲ್ಲರೂ ನಕ್ಕರು. ಹುಡುಗ ಕೂತ. ವ್ಯಾನು ಮುಂದೆ ಹೋಯಿತು.

ಹತ್ತು ನಿಮಿಷದ ನಂತರ ಅದೇ ತಿರುವಿಗೆ ಬಂದ ಹಿಂದಿನ ವ್ಯಾನಿನವರು ಹುಲಿ ನೋಡಿದರು.

ರಸ್ತೆ ದಾಟಿ, ಒಮ್ಮೆ ತಿರುಗಿ ನೋಡಿ, ಪೊದೆಯೊಳಗೆ ನುಗ್ಗಿತಂತೆ. ಮೈಸೂರು ತಲುಪುವ ಹೊತ್ತಿಗೆ ಆ ಹುಲಿಯ ಉದ್ದ ಒಂಬತ್ತು ಅಡಿ. ಶಿವಮೊಗ್ಗದಲ್ಲಿ ಹನ್ನೆರಡು. ಹೊನ್ನಾವರದಲ್ಲಿ ಬಸ್ಸಿಳಿದು ಅಪ್ಪ ಅಮ್ಮಂದಿರಿಗೆ ವರದಿ ಒಪ್ಪಿಸುವಾಗ ಅದು ವ್ಯಾನಿನ ಮೇಲೆ ಹಾರಲು ಬಂದಿತ್ತು! ನನ್ನ ವ್ಯಾನಿನ ಮಕ್ಕಳು ಮುಖ ಊದಿಸಿಕೊಂಡಿದ್ದರು. ಒಬ್ಬಳಂತೂ ದಾರಿಯುದ್ದಕ್ಕೂ ಅತ್ತಳು.

ವಾಪಸು ಬರುವಾಗ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹಿಂದಿನ ಸೀಟಿಗೆ ಹೋಗಿ ಆ ಹುಡುಗನ ಪಕ್ಕ ಕೂತೆ. 'ನಿನಗೆ ಹೇಗೆ ಗೊತ್ತಾಯ್ತೋ?' ಎಂದೆ. ಅವನು ಅದರಲ್ಲಿ ಏನೂ ವಿಶೇಷವಿಲ್ಲ ಎಂಬಂತೆ ಹೇಳಿದ: 'ಸುಮ್ಮನೆ ಕೂಗೂದೇ ಬೇರೆ ಸರ್, ಹೆದರಿ ಕೂಗೂದೇ ಬೇರೆ. ನಮ್ಮಲ್ಲಿ ಚಿರತೆ ಬಂದ್ರೆ ಮೊದಲು ಮುಸ್ಯ ಕೆಮ್ತದೆ. ಆಮೇಲೆ ಅಪ್ಪ ನಾಯಿ ಒಳಗೆ ಕಟ್ತಾರೆ.'

ಪುಸ್ತಕಗಳಲ್ಲಿ ಇದು ಇದೆ. ಮರದ ತುದಿಯಲ್ಲಿ ಕೂತ ಮುಸುವ ದೂರದಿಂದ ಬೇಟೆಗಾರ ಪ್ರಾಣಿಯನ್ನು ಕಂಡು ಕೆಮ್ಮಿದ ಹಾಗೆ ಕೂಗುತ್ತದೆ. ಕೆಳಗೆ ಮೇಯುವ ಜಿಂಕೆಗೆ ಅದೇ ಎಚ್ಚರಿಕೆ. ಮುಸುವ ಚೆಲ್ಲಿದ ಹಣ್ಣು, ಚಿಗುರು ಜಿಂಕೆಗೆ ಸಿಗುತ್ತದೆ, ಜಿಂಕೆಯ ಮೂಗಿನ ಚುರುಕು ಮುಸುವನಿಗೆ ಒದಗುತ್ತದೆ. ಸಹಜೀವನದ ಪಾಠದಲ್ಲಿ ನಾನು ಪ್ರತಿ ವರ್ಷ ಹೇಳುವ ಉದಾಹರಣೆ ಇದು. ಹೇಳುವ ನನಗೆ ಕಿವಿ ಇರಲಿಲ್ಲ, ಕೇಳುವ ಅವನಿಗೆ ಇತ್ತು.

ಆಗ ನೆನಪಾಯಿತು, ಈ ಹುಡುಗನನ್ನು ನಾನು ಅದಕ್ಕೆ ಮೊದಲೂ ಒಮ್ಮೆ ನಗೆಗೀಡು ಮಾಡಿದ್ದೆ. ಅಕ್ಟೋಬರಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ ಕೊಟ್ಟಿದ್ದೆ: ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ, ಅಳಿವಿನ ಭಯದಲ್ಲಿರುವ ಒಂದು ಪ್ರಾಣಿಯನ್ನು ಹೆಸರಿಸಿ, ಅದು ಎಲ್ಲಿ ಕಂಡುಬರುತ್ತದೆಂದು ಬರೆಯಿರಿ. ಇವನ ಉತ್ತರ: 'ಸಿಂಗಳೀಕ. ನಮ್ಮ ಮನೆಯ ಹಿಂದೆ ಕಂಡುಬರುತ್ತದೆ.' ಹೆಸರಿಗೆ ಒಂದು ಅಂಕ ಕೊಟ್ಟು, ಎರಡನೆಯ ವಾಕ್ಯಕ್ಕೆ ಕೆಂಪು ಶಾಯಿಯಲ್ಲಿ ದೊಡ್ಡ ಅಡ್ಡಗೀಟು ಎಳೆದು, ಪಕ್ಕದಲ್ಲಿ 'ಸೈಲೆಂಟ್ ವ್ಯಾಲಿ, ಕೇರಳ' ಎಂದು ಬರೆದೆ. ಅಷ್ಟಕ್ಕೇ ಬಿಡಲಿಲ್ಲ. ಉತ್ತರವನ್ನು ತರಗತಿಯಲ್ಲಿ ಓದಿ ಹೇಳಿದೆ. ಎಲ್ಲರೂ ನಕ್ಕರು.

ನಾನು ಬಿ.ಎಸ್ಸಿ. ಓದುವಾಗ ಸೈಲೆಂಟ್ ವ್ಯಾಲಿಯ ಹೆಸರು ಎಲ್ಲೆಡೆ ಕೇಳಿಬರುತ್ತಿತ್ತು. ಅಲ್ಲಿ ಅಣೆಕಟ್ಟು ಬೇಡವೆಂದು ನಡೆದ ಹೋರಾಟ, ಆ ಹೋರಾಟದ ಗುರುತಾದ ಸಿಂಗಳೀಕ, 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದದ್ದು ಎಲ್ಲ ಬಾಯಿಪಾಠ. ಸಿಂಗಳೀಕವೆಂದರೆ ಕೇರಳದ್ದು ಎಂದು ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನಾನು ಹುಟ್ಟಿದ ಊರಿನಿಂದ ಬಸ್ಸಿನಲ್ಲಿ ಎರಡು ಮೂರು ತಾಸಿನ ದಾರಿಯಲ್ಲಿ ಅದು ಇದೆ ಎಂದು ಯಾರೂ ಹೇಳಿರಲಿಲ್ಲ. ಹೇಳಿದ ಒಬ್ಬನಿಗೆ ನಾನು ಅಡ್ಡಗೀಟು ಹಾಕಿದ್ದೆ.

ಜನವರಿಯ ಒಂದು ಭಾನುವಾರ ಅವನ ಮನೆಗೆ ಹೋದೆ. ಗೇರುಸೊಪ್ಪೆಯಿಂದ ಮುಂದೆ ಬಸ್ಸಿಳಿದು ಎರಡು ಮೈಲಿ ಕಾಲುದಾರಿ. ಹುಡುಗ ರಸ್ತೆಗೇ ಬಂದು ಕಾದಿದ್ದ. ಮನೆಯಲ್ಲಿ ಬೆಲ್ಲ, ನೀರು ಕೊಟ್ಟ ಅವನ ತಾಯಿ ನನ್ನ ಪ್ಯಾಂಟು, ಚಪ್ಪಲಿ ನೋಡಿ, 'ಮಾಸ್ತರೇ, ಉಣುಗು ಹತ್ತದ ಹಾಗೆ ಕಾಲಿಗೆ ಎಣ್ಣೆ ಹಚ್ಕಳಿ' ಎಂದರು. ಮಂಗನ ಕಾಯಿಲೆಯ ಕಾಲ ಅದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗಿನಿಂದ ಮನುಷ್ಯನಿಗೆ ಹತ್ತುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಊರಿಗೆಲ್ಲ ಭಯ. ಪ್ರವಾಸಿಗಳಿಗೆ ಕಾಡೆಂದರೆ ಚಂದದ ನೋಟ. ಕಾಡಿನಂಚಿನ ತಾಯಂದಿರಿಗೆ ಅದರ ಜೊತೆ ಇಂಥ ಲೆಕ್ಕಗಳೂ ಇರುತ್ತವೆ.

ತೋಟ ದಾಟಿ ಬೆಟ್ಟ ಹತ್ತಿದೆವು. ಹುಡುಗ ಮುಂದೆ, ನಾನು ಹಿಂದೆ. ಅಡಿಗಡಿಗೆ ನಿಂತು ಕೈಯೆತ್ತಿ ನನ್ನನ್ನೂ ನಿಲ್ಲಿಸುತ್ತಿದ್ದ. ಅವನು ಮೇಷ್ಟ್ರು, ನಾನು ವಿದ್ಯಾರ್ಥಿ. ಬಂಡೀಪುರದ ಕಾಡು ಒಣಕಾಡು. ಬೇಸಗೆಯಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ, ಹಾಗಾಗಿ ದೂರದವರೆಗೆ ಕಾಣುತ್ತದೆ. ನಮ್ಮದು ನಿತ್ಯಹಸುರಿನ ಕಾಡು. ಮಟಮಟ ಮಧ್ಯಾಹ್ನವೂ ಮುಸ್ಸಂಜೆಯಂತಿರುತ್ತದೆ. ಈ ಸೀಮೆಯ ಒಂದು ಕಾಡಿಗೆ ಕತ್ತಲೆಕಾನು ಎಂದೇ ಹೆಸರು. ಅಲ್ಲಿ ನಿಂತ ನೀರಿನಲ್ಲಿ ಬೇರುಗಳನ್ನು ಮೊಣಕಾಲಿನಂತೆ ಮೇಲೆತ್ತಿ ಉಸಿರಾಡುವ ಕಾಡುಜಾಯಿಕಾಯಿ ಜಾತಿಯ ಮರಗಳ ಜೌಗುಗಳಿವೆ. 2000ದಲ್ಲಿ ವಿಜ್ಞಾನಿಗಳು ಹೊಸದೆಂದು ದಾಖಲಿಸಿದ ಒಂದು ಮರಕ್ಕೆ 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು ಆ ಕಾಡಿನ ಹೆಸರನ್ನೇ ಇಟ್ಟರು. ಲ್ಯಾಟಿನ್ ಹೆಸರಿನೊಳಗೆ ನಮ್ಮ ಕನ್ನಡದ ಕತ್ತಲೆಯೂ ಕಾನೂ ಸೇರಿಕೊಂಡವು!

ಒಂದು ತಾಸಿನ ಮೇಲೆ ಹುಡುಗ ಬೆರಳು ತೋರಿಸಿದ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಸರಿ ಮರದ ನೆತ್ತಿಯಲ್ಲಿ ಕಪ್ಪು ನೆರಳೊಂದು ಸರಿಯಿತು. ಹಿಂದೆಯೇ ಇನ್ನೊಂದು. ಮಿರಿಮಿರಿ ಮಿಂಚುವ ಕರಿ ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ತುದಿಯಲ್ಲಿ ಸಣ್ಣ ಕುಚ್ಚಿರುವ ಬಾಲ. ಒಂದು ತಾಯಿ, ಹೊಟ್ಟೆಗೆ ಅಂಟಿಕೊಂಡ ಮರಿ. ಗದ್ದಲವಿಲ್ಲ, ಜಗಳವಿಲ್ಲ. ಹಣ್ಣು ಕಿತ್ತು ಗಲ್ಲದ ಚೀಲದಲ್ಲಿ ತುಂಬಿಕೊಳ್ಳುತ್ತಿದ್ದವು. ನಾನು ಹದಿನೇಳು ಎಣಿಸಿದೆ. ಹುಡುಗ, 'ಇಪ್ಪತ್ತೊಂದು ಸರ್' ಎಂದ. ಈ ಸಲ ನಾನು ತಿದ್ದಲಿಲ್ಲ.

ಇಳಿದು ಬಂದಾಗ ಅವನ ತಂದೆ ಅಂಗಳದಲ್ಲಿದ್ದರು. ನಾನು ಸಂಭ್ರಮದಿಂದ, 'ನಿಮ್ಮ ಮನೆ ಹಿಂದೆ ಎಂಥ ಸಂಪತ್ತು ಉಂಟು ಗೊತ್ತುಂಟಾ?' ಎಂದು ಭಾಷಣ ಶುರುಮಾಡಿದೆ. ಅವರು ಪೂರ್ತಿ ಕೇಳಿದರು. ಕೇಳಿ, ಕೊಟ್ಟಿಗೆ ಪಕ್ಕದ ಮಾಡು ತೋರಿಸಿದರು. ಅಲ್ಲಿ ಹೊಗೆಯಿಂದ ಕರ್ರಗಾದ ಒಂದು ದೊಡ್ಡ ಒಲೆ, ಮೇಲೆ ತಟ್ಟಿ. ಅದು ಉಪ್ಪಾಗೆ ಒಣಗಿಸುವ ಒಲೆ.

ಉಪ್ಪಾಗೆ ನಮ್ಮ ಕಾಡಿನ ಹುಳಿ ಹಣ್ಣು, ಮುರುಗಲಿನ ದಾಯಾದಿ. ಸಿಪ್ಪೆಯಲ್ಲಿರುವ ಒಂದು ಆಮ್ಲ ಬೊಜ್ಜು ಕರಗಿಸುತ್ತದೆಂಬ ಪ್ರಚಾರದಿಂದ 1990ರ ದಶಕದಲ್ಲಿ ಅದಕ್ಕೆ ಪರದೇಶದಲ್ಲಿ ಬೇಡಿಕೆ ಬಂತು, ಇಲ್ಲಿ ಬೆಲೆ ಏರಿತು. ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ ಕಾಲವಾದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೇ ಒಣಗಿಸಬೇಕು, ಅದಕ್ಕೆ ರಾಶಿ ಸೌದೆ ಬೇಕು. ಇನ್ನೊಬ್ಬರು ಕೊಯ್ದುಬಿಟ್ಟಾರೆಂದು ಕಾಯಿ ಬಲಿಯುವ ಮೊದಲೇ ಕೊಯ್ಯುವವರು, ಕೊಂಬೆಯನ್ನೇ ಕಡಿದು ಕೆಡಹುವವರು ಹುಟ್ಟಿಕೊಂಡರು. ಅದೇ ಉಪ್ಪಾಗೆ ಸಿಂಗಳೀಕದ ಆಹಾರವೂ ಹೌದು.

'ಮಾಸ್ತರೇ, ಆ ಮಂಗ ತಿನ್ನೂದೂ ಉಪ್ಪಾಗೆ, ಈ ಹುಡುಗನ ಫೀ ಕಟ್ಟೂದೂ ಉಪ್ಪಾಗೆ. ಈಗ ಹೇಳಿ, ಯಾರಿಗೆ ಬಿಡೂದು?' ಎಂದರು ಅವನ ತಂದೆ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಉತ್ತರ ಬೇಕಾಗಿ ಕೇಳಿದ್ದರು. ನನ್ನ ಬಳಿ ಉತ್ತರ ಇರಲಿಲ್ಲ. ಚಹ ಕುಡಿದು ಹೊರಟುಬಂದೆ.

ಆ ಪ್ರಶ್ನೆಯನ್ನು ಇಟ್ಟುಕೊಂಡು ಓದಲು ಶುರುಮಾಡಿದೆ. ಸಿಂಗಳೀಕ ಕರ್ನಾಟಕ, ಕೇರಳ, ತಮಿಳುನಾಡುಗಳ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲ. ಎಲ್ಲ ಸೇರಿ ಸುಮಾರು ನಾಲ್ಕು ಸಾವಿರದೊಳಗೆ ಎಂಬುದು ಅಂದಾಜು. ಅದರ ನೆಲೆಯ ಉತ್ತರದ ತುದಿ ನಮ್ಮ ಶಿರಸಿ-ಹೊನ್ನಾವರದ ಕಾಡು. ಇಲ್ಲಿ ಮೂವತ್ತಕ್ಕೂ ಹೆಚ್ಚು ಗುಂಪುಗಳಿವೆಯೆಂದು ಸಂಶೋಧಕರು ಕಾಡು ಸುತ್ತಿ ಲೆಕ್ಕ ಹಾಕಿದ್ದಾರೆ. ಮರದಿಂದ ಮರಕ್ಕೆ ದಾಟುತ್ತ ಬದುಕುವ ಪ್ರಾಣಿಯಾದ್ದರಿಂದ ನಡುವೆ ಹತ್ತು ಮರ ಬಿದ್ದರೆ ದಾರಿಯೇ ಕಡಿದಂತೆ. ಹೆಣ್ಣು ಮೊದಲ ಮರಿ ಹಾಕುವುದು ಸುಮಾರು ಆರು ವರ್ಷಕ್ಕೆ. ಆಮೇಲೂ ಎರಡು ಮೂರು ವರ್ಷಕ್ಕೊಂದು ಮರಿ. ಒಮ್ಮೆ ಕಡಿಮೆಯಾದರೆ ಮತ್ತೆ ತುಂಬುವುದು ತೀರಾ ನಿಧಾನ.

ಇದರ ಪಕ್ಕದಲ್ಲಿ ಹುಲಿಯ ಲೆಕ್ಕ ಇಟ್ಟು ನೋಡಿ. 2006ರ ಗಣತಿಯಲ್ಲಿ ದೇಶದ ಹುಲಿಗಳು 1411 ಎಂದು ಅಂದಾಜಾದಾಗ ಎಲ್ಲರೂ ಗಾಬರಿಯಾದರು. 2022ರ ಗಣತಿಯ ಹೊತ್ತಿಗೆ ಅವು 3682, ಅದರಲ್ಲಿ ಕರ್ನಾಟಕದವು 563. ಅಂದರೆ ಇವತ್ತು ದೇಶದ ಹುಲಿಗಳ ಸಂಖ್ಯೆಯೂ ಸಿಂಗಳೀಕಗಳ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ! ಒಂದನ್ನು ನೋಡಲು ನಾವು ವರ್ಷವಿಡೀ ದುಡ್ಡು ಕೂಡಿಡುತ್ತೇವೆ. ಇನ್ನೊಂದರ ಕಾಡನ್ನು ಬಸ್ಸಿನಲ್ಲಿ ನಿದ್ದೆ ಮಾಡುತ್ತ ದಾಟುತ್ತೇವೆ.

ಹುಲಿಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಹುಲಿಯ ಗಣಿತವೂ ಮಕ್ಕಳಿಗೆ ತಿಳಿದಿರಬೇಕು. ನಾಗರಹೊಳೆಯಲ್ಲಿ ದೀರ್ಘಕಾಲ ಅಧ್ಯಯನ ನಡೆಸಿದ ಡಾ. ಉಲ್ಲಾಸ ಕಾರಂತರು ವಿವರಿಸಿದಂತೆ ಒಂದು ಹುಲಿಗೆ ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಹೀಗೆ ವರ್ಷ ವರ್ಷವೂ 50 ಕಳೆದರೂ ಸಂತತಿ ಕುಂದದಿರಬೇಕಾದರೆ ಕಾಡಿನಲ್ಲಿ 500 ಪ್ರಾಣಿಗಳಾದರೂ ಇರಬೇಕು. ಆ ಐನೂರಕ್ಕೆ ಹುಲ್ಲು, ನೀರು, ನೆಮ್ಮದಿ ಬೇಕು. ನಮ್ಮ ಮಕ್ಕಳು ವ್ಯಾನಿನಲ್ಲಿ 'ಅಯ್ಯೋ, ಮತ್ತೂ ಜಿಂಕೆಯಾ' ಎಂದರಲ್ಲ, ಆ ಜಿಂಕೆಗಳೇ ಹುಲಿಯ ಕಾಡಿನ ಅಡಿಪಾಯ. ಹುಲಿ ಕಾಣದಿದ್ದರೂ ಅಷ್ಟು ಜಿಂಕೆ ಕಂಡಿತೆಂದರೆ ಹುಲಿ ಇದೆಯೆಂದೇ ಅರ್ಥ. ಇದನ್ನು ನಾನು ಆ ಬೆಳಿಗ್ಗೆ ಹೇಳಬೇಕಿತ್ತು. ನಾನು ಗಡಿಯಾರ ನೋಡುತ್ತಿದ್ದೆ.

ಆಮೇಲೆ ನಮ್ಮ ಕಡೆಯೂ ಬದಲಾವಣೆಗಳಾದವು. 2011ರಲ್ಲಿ ಅಘನಾಶಿನಿ ಕಣಿವೆಯ ಕಾಡು ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಸುತ್ತಲ ಜನರ ಹಕ್ಕು, ಅನುಕೂಲಗಳನ್ನು ಕಿತ್ತುಕೊಳ್ಳದೆ ಕಾಡು ಕಾಯುವ ಈ ವ್ಯವಸ್ಥೆ 2002ರ ತಿದ್ದುಪಡಿಯಲ್ಲಿ ವನ್ಯಜೀವಿ ಕಾಯಿದೆಯೊಳಗೆ ಬಂದದ್ದು. 2019ರಲ್ಲಿ ಅದನ್ನೂ, 1972ರಿಂದ ಇದ್ದ ಶರಾವತಿ ಕಣಿವೆ ಅಭಯಾರಣ್ಯವನ್ನೂ, ನಡುವಿನ ಕಾಡನ್ನೂ ಸೇರಿಸಿ 900 ಚದರ ಕಿಲೋಮೀಟರಿಗೂ ದೊಡ್ಡದಾದ ಶರಾವತಿ ಸಿಂಗಳೀಕ ಅಭಯಾರಣ್ಯ ಮಾಡಿದರು. ತುಂಡು ತುಂಡಾದ ಕಾಡು ಒಂದಾದದ್ದು ಸಿಂಗಳೀಕಕ್ಕೆ ಒಳ್ಳೆಯದೇ. ಆದರೆ ಅಭಯಾರಣ್ಯದ ನಿಯಮ ಬಿಗಿ. ಅತಿಕ್ರಮಣದ ಒಂದೆರಡು ಎಕರೆಯನ್ನೇ ನಂಬಿದವರು, ಸೊಪ್ಪು-ಉಪ್ಪಾಗೆ ತಂದು ಬದುಕುವವರು, 'ನಮ್ಮನ್ನೆಲ್ಲಿ ಎಬ್ಬಿಸುತ್ತಾರೋ' ಎಂದು ಹೆದರಿದರೆ ಅವರನ್ನು ಕಾಡಿನ ವೈರಿಗಳೆಂದು ಕರೆಯುವುದು ಸರಿಯಲ್ಲ. 2025ರ ನವೆಂಬರಿನಲ್ಲಿ ಹುಲಿ ದಾಳಿಯಿಂದ ಕಾಡಂಚಿನ ರೈತರು ಪ್ರಾಣ ಕಳೆದುಕೊಂಡಾಗ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಸಫಾರಿಗೆ ಹೋಗುವ ನಾವು ಒಂದು ತಾಸಿನ ಅತಿಥಿಗಳು. ಇಪ್ಪತ್ನಾಲ್ಕು ತಾಸೂ ಅಲ್ಲಿರುವವರ ಮಾತು ಕೇಳದೆ ಕಾಡು ನೋಡಿದೆ ಎನ್ನುವುದು ಅರ್ಧ ಪಾಠ.

2019ರ ಜನವರಿಯಲ್ಲಿ ಮತ್ತೆ ಮಕ್ಕಳನ್ನು ಸಫಾರಿಗೆ ಕರೆದೊಯ್ದೆ. ಈ ಸಲ ದಾಂಡೇಲಿ. ಕುಮಟಾ, ಶಿರಸಿ, ಯಲ್ಲಾಪುರದ ದಾರಿ. ದಾಂಡೇಲಿ ಅಭಯಾರಣ್ಯವನ್ನೂ ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ಸೇರಿಸಿ 2007ರಲ್ಲಿ ಮಾಡಿದ ಹುಲಿ ಮೀಸಲು ಕಾಡಿಗೆ 2015ರಿಂದ ಕಾಳಿ ನದಿಯ ಹೆಸರಿದೆ. ಹೊರಡುವ ಮೊದಲು ಮಕ್ಕಳಿಗೆ ಯಾವ ಮಾತೂ ಕೊಡಲಿಲ್ಲ. ಬದಲಿಗೆ ಒಂದೊಂದು ಇಪ್ಪತ್ತು ಪುಟದ ನೋಟ್‌ಬುಕ್ ಕೊಟ್ಟೆ. ಪ್ರತಿ ಪುಟದಲ್ಲೂ ನಾಲ್ಕು ಅಂಕಣ: ಕೇಳಿದ್ದು, ಮೂಗಿಗೆ ಬಂದದ್ದು, ಗುರುತು ಕಂಡದ್ದು, ಪ್ರಾಣಿ ಕಂಡದ್ದು. ಮಾತಾಡಿದವರ ಪುಟ ಖಾಲಿ ಇರುತ್ತದೆ, ಅಷ್ಟೇ ಶಿಕ್ಷೆ ಎಂದೆ.

ಜೀಪು ಕಾಡಿಗಿಳಿದ ಮೇಲೆ ಪೆನ್ಸಿಲಿನ ಸದ್ದು ಕೇಳುವಷ್ಟು ಮೌನ. ಹುಲಿ ಕಾಣಲಿಲ್ಲ. ಇಲ್ಲಿಯ ಪ್ರಸಿದ್ಧ ಕರಿ ಚಿರತೆಯೂ ಕಾಣಲಿಲ್ಲ. ಮೂರು ಕಾಡುಕೋಣ, ಒಂದು ಕೆಂಜಳಿಲು, ಓಡಿಹೋದ ಕಾಡುಕೋಳಿ - ನಾಲ್ಕನೆಯ ಅಂಕಣ ಬಹುಪಾಲು ಖಾಲಿ. ಆದರೆ ಮೊದಲ ಮೂರು ತುಂಬಿ ಹರಿದವು. ಧೂಳಿನಲ್ಲಿ ಅಂಗೈಯಗಲ ಹೆಜ್ಜೆ, ರಸ್ತೆಯ ನಡುವೆ ಕೂದಲು ತುಂಬಿದ ಒಣ ಹಿಕ್ಕೆ, ಮರದ ತೊಗಟೆಯಲ್ಲಿ ಉಗುರಿನ ಗೀರು. ವಾಸನೆಯ ಅಂಕಣದಲ್ಲಿ ಒಬ್ಬ, 'ನಮ್ಮ ಕೊಟ್ಟಿಗೆಯ ಹಾಗೆ, ಆದರೆ ದನ ಇಲ್ಲ' ಎಂದು ಬರೆದಿದ್ದ. ಕಾಡುಕೋಣ ಅದೇ ದಾರಿಯಲ್ಲಿ ಹಾದುಹೋಗಿತ್ತು! ಮೀನುಪೇಟೆಯ ಪಕ್ಕದ ಮನೆಯ ಒಬ್ಬ ಹುಡುಗಿ ಇಪ್ಪತ್ಮೂರು ಬೇರೆ ಬೇರೆ ಸದ್ದು ಪಟ್ಟಿಮಾಡಿದ್ದಳು. ಇಪ್ಪತ್ನಾಲ್ಕನೆಯದು 'ಸರ್ ಕೆಮ್ಮಿದ್ದು'.

ಸಂಜೆ ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಮಂಗಟ್ಟೆ ಹಕ್ಕಿಗಳು ಗುಂಪಾಗಿ ಬರುವುದನ್ನು ನೋಡಿದೆವು. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಳ್ಳುವುದು, ಸಣ್ಣ ಸೀಳಿನಿಂದ ಗಂಡು ದಿನವೂ ಹಣ್ಣು ತಂದು ಉಣಿಸುವುದು, ಅದಕ್ಕೆ ದೊಡ್ಡ ಹಳೆಯ ಮರವೇ ಬೇಕಾಗುವುದು ಇದನ್ನೆಲ್ಲ ಅಲ್ಲೇ ಹೇಳಿದೆ. ಮರದ ದಿಮ್ಮಿಗಳ ರಾಶಿಯ ನಡುವೆ ನಿಂತು ಕೇಳಿದ ಆ ಪಾಠವನ್ನು ಯಾರೂ ಮರೆತಿರಲಾರರು. ಬಸ್ಸಿಳಿದಾಗ ಪಾಲಕರು ಎಂದಿನಂತೆ, 'ಹುಲಿ ಕಂಡ್ತಾ?' ಎಂದರು. 'ಇಲ್ಲ, ಆದ್ರೆ ಅದು ನಮ್ಮನ್ನು ನೋಡಿರ್ಬಹುದು' ಎಂದ ಒಬ್ಬ. ನನಗೆ ಅಷ್ಟು ಸಾಕಾಯಿತು.

ಪಾಲಕರಲ್ಲಿ ಒಂದೆರಡು ವಿನಂತಿ. ಮಕ್ಕಳನ್ನು ಸಫಾರಿಗೆ ಖಂಡಿತ ಕಳಿಸಿ. ಆದರೆ ಕೆಂಪು, ಹಳದಿ ಅಂಗಿ, ಸೆಂಟು, ಕುರುಕಲು ತಿಂಡಿಯ ಚೀಲ ಬೇಡ. ಮೊಬೈಲು ಚೀಲದಲ್ಲಿರಲಿ, ಕಣ್ಣಿಗೆ ಮೊದಲ ಅವಕಾಶ ಕೊಡಿ. ಚಾಲಕನಿಗೆ ದುಡ್ಡಿನ ಆಸೆ ತೋರಿಸಿ ಪ್ರಾಣಿಯ ಹತ್ತಿರ ಒಯ್ಯಲು ಹೇಳಬೇಡಿ. ಘಟ್ಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು, ಬಿಸ್ಕಿಟು ಎಸೆಯುವುದು ಪುಣ್ಯದ ಕೆಲಸವಲ್ಲ. ಆ ರುಚಿಗೆ ರಸ್ತೆಗಿಳಿದ ಪ್ರಾಣಿ ಗಾಡಿಯ ಚಕ್ರಕ್ಕೆ ಸಿಗುತ್ತದೆ. ಮನೆಗೆ ಬಂದ ಮಗುವಿಗೆ 'ಹುಲಿ ಕಂಡ್ತಾ' ಎನ್ನುವ ಬದಲು 'ಏನೇನು ಕೇಳಿಸ್ತು' ಎಂದು ಕೇಳಿ ನೋಡಿ.

ಸಫಾರಿಗೆ ದುಡ್ಡು ಹೊಂದದ ಮನೆಗಳೂ ನಮ್ಮಲ್ಲಿ ಬೇಕಷ್ಟಿವೆ. ಅವರ ಮಕ್ಕಳು ಏನೂ ಕಳೆದುಕೊಂಡಿಲ್ಲ. ಕುಮಟಾದವರು ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಗೆ ಹೋಗಿ ಚಿಪ್ಪಿ ಹೆಕ್ಕುವ ಹೆಂಗಸರ ಜೊತೆ ಒಂದು ತಾಸು ನಿಲ್ಲಲಿ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿ ಸೇರಿದೆ. ಹೊನ್ನಾವರದವರಿಗೆ ಶರಾವತಿಯ ಕಾಂಡ್ಲಾ ವನದೊಳಗೆ ನಡೆಯಲು ಹಲಗೆಯ ದಾರಿ ಇದೆ. ಭಟ್ಕಳದವರು ಮುರ್ಡೇಶ್ವರದ ದಂಡೆಯಲ್ಲಿ ನಿಂತು ನೇತ್ರಾಣಿಯ ಕಡೆ ನೋಡುತ್ತ ಬಿಳಿಹೊಟ್ಟೆಯ ಕಡಲ ಹದ್ದಿಗಾಗಿ ಕಾಯಬಹುದು. ಜೊತೆಗೆ ಆ ನಾಲ್ಕು ಅಂಕಣದ ನೋಟ್‌ಬುಕ್ ಇದ್ದರೆ ಸಾಕು.

ಮೊನ್ನೆ ಜೂನಿನಲ್ಲಿ ಎಂಟನೆಯ ತರಗತಿಯ ಪ್ರವೇಶಕ್ಕೆ ಒಬ್ಬಳು ಹುಡುಗಿಯನ್ನು ಕರೆದುಕೊಂಡು ಒಬ್ಬರು ಬಂದರು. ತಲೆಯಲ್ಲಿ ನರೆಯ ನಾಲ್ಕು ಕೂದಲು, ಕೈಯಲ್ಲಿ ಅಡಿಕೆಯ ಕಲೆ. ನಗುವಿನಿಂದ ಗುರುತು ಸಿಕ್ಕಿತು. ಹಿಂದಿನ ಸೀಟಿನ ಅದೇ ಹುಡುಗ! ತಂದೆ ತೀರಿಕೊಂಡು ಕೆಲವು ವರ್ಷಗಳಾದವಂತೆ. ಉಪ್ಪಾಗೆಯನ್ನು ಈಗಲೂ ತರುತ್ತಾನೆ. ಆದರೆ ಪೂರ್ತಿ ಹಣ್ಣಾದದ್ದನ್ನು ಮಾತ್ರ, ಅದೂ ಕೈಗೆ ಎಟುಕುವ ಕೊಂಬೆಯದು, ಮೇಲಿನದು ಮೇಲಿನವರಿಗೆ ಎಂದ. ಬೆಟ್ಟದ ಬದಿಯಲ್ಲಿ ಅವನೇ ಉಪ್ಪಾಗೆಯ ಗಿಡ ನೆಟ್ಟಿದ್ದಾನೆ. ಅವನ ತಂದೆಯ ಪ್ರಶ್ನೆಗೆ ಪೂರ್ತಿ ಉತ್ತರ ಇದಲ್ಲ. ನಾನು ಕೊಡಲಾಗದ ಅಷ್ಟನ್ನಾದರೂ ಅವನು ಕೊಟ್ಟುಕೊಂಡಿದ್ದ.

ಫಾರ್ಮು ತುಂಬಿದ ಮೇಲೆ ಹೇಳಿದೆ: 'ನಿನಗೆ ನಾನು ಒಂದು ಅಂಕ ಕೊಡೋದು ಬಾಕಿ ಉಂಟು ಮಾರಾಯ. 2001ರ ಅರ್ಧವಾರ್ಷಿಕ ಪರೀಕ್ಷೆಯದ್ದು.'

ಅವನು ನಕ್ಕ. 'ಯಾವ ಅಂಕ ಸರ್? ನನಗೆ ನೆನಪೇ ಇಲ್ಲ.'

ಅವನಿಗೆ ಮರೆತದ್ದು ಒಳ್ಳೆಯದಾಯಿತು. ನನಗೆ ಮರೆಯಬಾರದು. ಅಷ್ಟರಲ್ಲಿ ಅವನ ಮಗಳು ಅಪ್ಪನ ತೋಳು ಜಗ್ಗಿ, ನನ್ನನ್ನೇ ನೋಡುತ್ತ ಕೇಳಿದಳು: 'ಸರ್, ಈ ಸಲ ಟೂರ್ ಎಲ್ಲಿಗೆ?'

'ಮೊದಲು ನಿಮ್ಮ ಮನೆ ಹಿಂದೆ' ಎಂದೆ.